ಇನ್ನೂ ಮೂರು ಕೆಡಲಿ

ನಮ್ಮ ಕಂಪನಿಯ ದಾವಣಗೆರೆ ಕಚೇರಿಯಲ್ಲಿ ‘ಹಸಿರು ಪ್ರಯಾಣ’ ವಿಭಾಗದ ಮುಖ್ಯಸ್ಥರಾಗಿ ವಿರಾಜಮಾನರಾಗಿರುವ ತಮಗೆ, ಸಂತೇಬೆನ್ನೂರಿನ ಫಿಲ್ಟರ್ ಮೆಕ್ಯಾನಿಕ್ ಹಾಲಸ್ವಾಮಿ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಕಾರಿನ ಎ.ಸಿ. ಕೂಡ ಕ್ಷೇಮವೆಂದೂ ನಂಬಿದ್ದೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಟ್ಟು ನಿಲ್ಲುವ ಕುಡಿಯುವ ನೀರಿನ ಘಟಕಗಳನ್ನು ರಿಪೇರಿ ಮಾಡುತ್ತ ಹನ್ನೊಂದು ವರ್ಷದಿಂದ ಬೈಕಿನಲ್ಲಿ ಅಲೆಯುತ್ತಿರುವ ನಾನು, ಅಷ್ಟೂ ವರ್ಷ ಭೂಮಿತಾಯಿಯ ಮುಖಕ್ಕೆ ಹೊಗೆ ಬಿಡುತ್ತಿದ್ದೆನೆಂಬುದನ್ನು ಯುಗಾದಿ ಕಳೆದ ಮೇಲೆ ತಾವು ನಮ್ಮೂರಿಗೇ ಬಂದು ತಿಳಿಸಿಕೊಟ್ಟಿರಿ. ತಾವು ಒಂದು ಕಾರಿನಲ್ಲಿ, ತಮ್ಮ ಬ್ಯಾನರ್ ಇನ್ನೊಂದು ಕಾರಿನಲ್ಲಿ ಬಂದಿಳಿದದ್ದನ್ನು ಊರಿನವರು ಇಂದಿಗೂ ನೆನೆಯುತ್ತಾರೆ.

ಅಂದು ತಾವು ಎರಡು ನಿಯಮ ದಯಪಾಲಿಸಿದಿರಿ. ಒಂದೇ ದಿಕ್ಕಿನಲ್ಲಿ ನಾಲ್ಕು ಘಟಕ ಕೆಟ್ಟ ಮೇಲೆಯೇ ರಿಪೇರಿಗೆ ಹೊರಡಬೇಕು. ಹೋದಲ್ಲೆಲ್ಲ ಒಂದು ಹೊಂಗೆ ಸಸಿ ನೆಟ್ಟು, ತಿಂಗಳಿಗೊಮ್ಮೆ ಅಲ್ಲಿಗೇ ಹೋಗಿ ಅದರ ಫೋಟೊ ತೆಗೆದು ಆ್ಯಪ್‌ಗೆ ಹಾಕಬೇಕು. ಬಾಯಾರಿದಾಗ ಬಾವಿ ತೋಡುವವರನ್ನು ಹಿರಿಯರು ಗಾದೆ ಕಟ್ಟಿ ನಕ್ಕರು. ಇನ್ನೂ ಮೂರು ಊರಿಗೆ ಬಾಯಾರಲಿ ಎಂದು ಕಾಯುವಷ್ಟು ದೂರದೃಷ್ಟಿ ಪಾಪ ಆ ಹಿರಿಯರಿಗೆ ಇರಲಿಲ್ಲ.

ಹೊನ್ನಾಳಿ, ನ್ಯಾಮತಿ ಕಡೆಯ ಯಂತ್ರಗಳು ಒಗ್ಗಟ್ಟಿನವು. ಒಂದು ಕೆಟ್ಟರೆ ವಾರದೊಳಗೆ ಉಳಿದವೂ ಕೆಟ್ಟು ತಮ್ಮ ಮಾನ ಕಾಪಾಡಿದವು. ಜಗಳೂರು ಕಡೆಯವಕ್ಕೆ ಆ ಬುದ್ಧಿಯಿಲ್ಲ. ಅಲ್ಲಿ ಒಂದು ಊರಿನ ಘಟಕದ ಮೋಟರ್ ನಿಂತಿತು, ಸುತ್ತಲಿನವು ಹಟ ಹಿಡಿದಂತೆ ಓಡುತ್ತಲೇ ಇದ್ದವು. ಘಟಕ ನೋಡಿಕೊಳ್ಳುವ ಗಾದ್ರಮ್ಮನವರು ದಿನಾ ಫೋನ್ ಮಾಡಿ, ಹಲ್ಲು ಹಳದಿಯಾಗಿಸುವ, ಮೊಣಕಾಲು ಹಿಡಿಸುವ ಆ ಬೋರಿನ ನೀರನ್ನೇ ಊರು ಮತ್ತೆ ಕುಡಿಯುತ್ತಿದೆ ಎಂದರು. ನಾನು ದಿನಾ ತಮ್ಮ ನಿಯಮವನ್ನು ವಿವರಿಸಿದೆ. ಒಂಬತ್ತನೆಯ ದಿನ ಅವರು ಕೇಳಿದ್ದು ಇಷ್ಟೇ: “ಆತು ಬಿಡ್ರಿ. ಇನ್ನು ಮೂರು ಊರಿನ ಮಿಷನ್ ಕೆಡಾಕೆ ನಾವು ಏನ್ ಮಾಡ್ಬೇಕು, ಅದನ್ನಾದ್ರೂ ಹೇಳ್ರಿ.” ನಾಚಿಕೆಯಿಂದ ಫೋನ್ ಇಟ್ಟೆ.

ಕಾಪಾಡಿದ್ದು ತಮ್ಮ ಆ್ಯಪ್. ಮಾರನೆಯ ಬೆಳಿಗ್ಗೆ, ಹಿಂದಿನ ರಿಪೇರಿಯಲ್ಲಿ ಅದೇ ಘಟಕದ ಪಕ್ಕ ನಾನು ನೆಟ್ಟಿದ್ದ ಸಸಿಯ ಫೋಟೊ ಬಾಕಿಯಿದೆ, ಕೂಡಲೇ ಹೊರಡಿ ಎಂದು ಕೆಂಪಕ್ಷರದಲ್ಲಿ ಆಜ್ಞಾಪಿಸಿತು. ಮನುಷ್ಯರಿಗೆ ನೀರು ಕೊಡಬೇಕಾದರೆ ನಾಲ್ಕು ಊರು ಕೂಡಬೇಕು, ಗಿಡದ ಮುಖ ನೋಡಬೇಕಾದರೆ ಒಂದೇ ಗಿಡ ಸಾಕು ಎಂಬ ತಮ್ಮ ಕರುಣೆಗೆ ಕೈಮುಗಿದು, ಎಂಬತ್ತು ಕಿಲೋಮೀಟರ್ ಹೋದೆ. ಘಟಕದ ವೇಸ್ಟ್ ನೀರು ಕುಡಿದು ಬೆಳೆಯುತ್ತಿದ್ದ ಸಸಿ, ಘಟಕ ನಿಂತದ್ದೇ ತಾನೂ ಬಾಡಿತ್ತು. ಫೋಟೊ ತೆಗೆಯಲು ಬಗ್ಗಿದಾಗ ಚೀಲದ ಸ್ಪ್ಯಾನರ್ ಅಚಾತುರ್ಯದಿಂದ ಮೋಟರಿಗೆ ತಗುಲಿ, ಸುಟ್ಟ ಕೆಪಾಸಿಟರ್ ತಾನಾಗಿ ಕಳಚಿ, ಹೊಸದು ತಾನಾಗಿ ಕೂತು, ಘಟಕ ರಿಪೇರಿಯಾಗಿಬಿಟ್ಟಿತು. ಈ ಅಪರಾಧಕ್ಕೆ ಕ್ಷಮೆಯಿರಲಿ. ಗಾದ್ರಮ್ಮನವರು ಮೊದಲ ಕೊಡ ಹಿಡಿದು, ನನಗೊಂದು ಲೋಟ ಕೊಟ್ಟು, ಒಂದು ಚೊಂಬು ಸಸಿಯ ಬುಡಕ್ಕೆ ಹಾಕಿದರು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಏನೆಂದರೆ, ನಾಲ್ಕು ನಾಲ್ಕಾಗಿ ಕೆಡುವುದು ಹೇಗೆಂದು ಜಗಳೂರಿನ ಘಟಕಗಳಿಗೆ ಒಂದು ತರಬೇತಿ ಶಿಬಿರ ನಡೆಸಬೇಕು. ಅದಾಗದಿದ್ದರೆ ಎಲ್ಲರಿಗೂ ಒಮ್ಮೆಲೇ ಬಾಯಾರುವಂತೆ ಸುತ್ತೋಲೆ ಹೊರಡಿಸಬೇಕು. ತಾಲ್ಲೂಕಿಗೊಬ್ಬ ಮೆಕ್ಯಾನಿಕ್‌ನನ್ನು ಅಲ್ಲಿಯವರಲ್ಲೇ ನೇಮಿಸಬಹುದು ಎಂಬ ಗಾದ್ರಮ್ಮನವರ ಸಲಹೆಯೂ ಇದೆ. ಅದನ್ನು ನಾನು ಒತ್ತಾಯಿಸುವುದಿಲ್ಲ. ಹಾಗೆ ಮಾಡಿದರೆ ಹೊಗೆ ನಿಜವಾಗಿಯೂ ಕಡಿಮೆಯಾಗಿಬಿಡುವ ಅಪಾಯವಿದೆ.

ಹೊಗೆಗೂ ನೀರಿಗೂ ನಡುವೆ ಸಿಕ್ಕಿಬಿದ್ದಿರುವ,
ತಮ್ಮ ವಿಶ್ವಾಸಿ,
ಹಾಲಸ್ವಾಮಿ

ಮರೆತಿದ್ದ ಮಾತು: ತಮ್ಮ ಕಚೇರಿಯ ನೀರಿನ ಫಿಲ್ಟರ್ ಮೊನ್ನೆಯಿಂದ ಕೆಟ್ಟಿದೆ, ತಕ್ಷಣ ಬಾ ಎಂಬ ತಮ್ಮ ಸಂದೇಶ ತಲುಪಿತು. ಆ ದಿಕ್ಕಿನಲ್ಲಿ ಇನ್ನೂ ಮೂರು ಕೆಡಲಿ, ಖಂಡಿತ ಬರುತ್ತೇನೆ. ಗಿಡದ ಫೋಟೊ ನೆಪದಲ್ಲಿ ಇವತ್ತೇ ಬರೋಣವೆಂದರೆ, ಕಚೇರಿಯ ಮುಂದಿದ್ದ ಒಂದೇ ಒಂದು ಬೇವಿನ ಮರವನ್ನು ತಾವು ಬ್ಯಾನರಿನ ಕಾರು ನಿಲ್ಲಿಸಲೆಂದು ಕಡಿಸಿದ್ದೀರಿ.