ಮೂರು ಸಾಲು ಹೊಲಿಗೆಯ ತೋಳು

ದರ್ಜಿಗೆ ಮೊಮ್ಮಗಳು ಹುಟ್ಟಿ ಆರು ವಾರವಾಗಿತ್ತು. ಈ ಆರು ವಾರದಲ್ಲಿ ಅವನು ಅವಳನ್ನು ಕಂಡದ್ದೆಲ್ಲ ಹೊಸ್ತಿಲಾಚೆಯಿಂದ. ಅದೂ ಬಟ್ಟೆಯ ಸುತ್ತಿನೊಳಗಿಂದ ಇಣುಕುವ ಮೂಗಿನ ತುದಿಯಷ್ಟೆ. ಮಗಳದು ಒಂದೇ ಮಾತು: ನಾಯಿಕೆಮ್ಮಿನ ಚುಚ್ಚುಮದ್ದು ಹಾಕಿಸಿಕೊಂಡ ಹಿರಿಯರ ಕೈಗೆ ಮಾತ್ರ ಕೂಸು. ಅವಳ ಅತ್ತೆ ಹಾಕಿಸಿಕೊಂಡರು, ಅವಳ ತಾಯಿಯೂ ಹಾಕಿಸಿಕೊಂಡಳು. ದರ್ಜಿಗೆ ಮಾತ್ರ ಒಂದು ವಾರ ನೆಗಡಿ, ಇನ್ನೊಂದು ವಾರ ಮದುವೆ ಬಟ್ಟೆಯ ಅವಸರ, ಮತ್ತೊಂದು ವಾರ ಯಾಕೋ ದಿನವೇ ಸರಿಯಿರಲಿಲ್ಲ.

ನಲವತ್ತು ವರ್ಷ ಸೂಜಿಯಿಂದಲೇ ಹೊಟ್ಟೆ ಹೊರೆದವನು ಅವನು. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಕಷ್ಟಸುಖ ವಿಚಾರಿಸುವವನು. ಆದರೆ ಆ ಸೂಜಿಗಳ ಮುಖ ಬಟ್ಟೆಯ ಕಡೆಗಿರುತ್ತಿತ್ತು. ತನ್ನ ಕಡೆ ಮುಖ ಮಾಡಿದ ಸೂಜಿಯನ್ನು ನೆನೆದರೂ ಸಾಕು, ಅವನು ಲಾಡಿ ಬಿಚ್ಚಿದ ಪೈಜಾಮದಂತೆ ಕುಸಿಯುತ್ತಿದ್ದ.

ಬುಧವಾರ ಬೆಳಿಗ್ಗೆ ಮಗಳು ಫೋನಿನಲ್ಲಿ ಹೇಳಿದ್ದನ್ನು ಹೆಂಡತಿ ತಂದು ಅವನ ಮುಂದಿಟ್ಟಳು.

"ಇವತ್ತು ಕೂಸಿಗೂ ಆರನೇ ವಾರದ ಚುಚ್ಚುಮದ್ದಂತೆ ಕಣ್ರೀ. ಹನ್ನೊಂದಕ್ಕೆ ಆರೋಗ್ಯ ಕೇಂದ್ರಕ್ಕೆ ಬರ್ತಾರಂತೆ. ಅಷ್ಟರೊಳಗೆ ನೀವು ಹಾಕಿಸ್ಕೊಂಡಿದ್ರೆ ಅಲ್ಲೇ ನಿಮ್ಮ ಕೈಗೆ ಕೊಡ್ತಾಳಂತೆ. ಇಲ್ಲಾಂದ್ರೆ ಕೂಸು ಸ್ಕೂಲಿಗೆ ಹೋಗೋ ತನಕ ಬಾಗಿಲಾಚೆ ನಿಂತೇ ನೋಡ್ಕೊಳ್ಳಲಿ ಅಂದ್ಲು."

ದರ್ಜಿ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತ. ಕೂಸೂ ಕೈಗೆ ಸಿಗಬೇಕು, ಸೂಜಿಯೂ ತಾಗಬಾರದು ಎಂದು ದೇವರನ್ನು ಬೇಡಿಕೊಂಡ. ಇಂಥ ಬೇಡಿಕೆಗಳಿಗೆ ಮೇಲಿನಿಂದ ಉತ್ತರ ತಡವಾಗುತ್ತದೆಂದು ಬಲ್ಲವನಾದ್ದರಿಂದ ತಾನೇ ಒಂದು ಉಪಾಯ ಹೂಡಿದ.

ತನ್ನ ತುಂಬುತೋಳಿನ ಒಳ್ಳೆಯ ಅಂಗಿಯೊಂದನ್ನು ತೆಗೆದುಕೊಂಡು ಎಡದೋಳಿನ ಹಳೆಯ ಹೊಲಿಗೆ ಬಿಚ್ಚಿ, ಮಣಿಕಟ್ಟಿನಿಂದ ಭುಜದವರೆಗೂ ಬಿಗಿಯಾಗಿ ಮತ್ತೆ ಹೊಲಿಯತೊಡಗಿದ. ಒಂದು ಸಾಲು ಹೊಲಿದು ಧೈರ್ಯ ಸಾಲದೆ ಎರಡನೆಯದು ಹೊಲಿದ; ಮಗಳ ಮುಖ ನೆನಪಾದರೂ ಮೂರನೆಯದನ್ನೂ ಹೊಲಿದ. ತೊಟ್ಟುಕೊಂಡಾಗ ತೋಳು ಒರೆಗೆ ಸೇರಿದ ಕತ್ತಿಯಂತೆ ಕೂತಿತು. ಅದನ್ನು ಮೇಲೆ ಮಡಚಲು ಬೆರಳಗಲ ಜಾಗವೂ ಇರಲಿಲ್ಲ. ಒಳಗೆ ಬನಿಯನ್ ಹಾಕದೇ ಇದ್ದದ್ದೂ ಲೆಕ್ಕ ಹಾಕಿಯೇ. ಬುಧವಾರವೆಂದರೆ ಅಲ್ಲಿ ಕೂಸು ಹಿಡಿದ ಹೆಂಗಸರೇ ತುಂಬಿರುತ್ತಾರೆ. ಅವರ ನಡುವೆ ಅಂಗಿ ಬಿಚ್ಚೆಂದು ಯಾವ ನರ್ಸ್ ಹೇಳಿಯಾಳು? ಮುಂದಿನ ವಾರ ಬನ್ನಿ ಎನ್ನುತ್ತಾಳೆ. ನಾನು ಹೋದೆ, ಕೂತೆ, ತೋಳು ಚಾಚಿದೆ, ಇನ್ನೇನು ಮಾಡಲಿ ಎಂದರೆ ಮಗಳ ಕರುಳು ಕರಗದೇ ಇರುತ್ತದೆಯೆ?

ಬಾಗಿಲು ದಾಟುವಷ್ಟರಲ್ಲಿ ಸುದ್ದಿ ಬೀದಿಗೆ ಬಂದಾಗಿತ್ತು. ಪಕ್ಕದಂಗಡಿಯ ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೊರಟ. ಎದುರುಸಾಲಿನ ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಬದಿಗಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ದರ್ಜಿ ನಡುವೆ, ಅವರಿಬ್ಬರು ಎಡಬಲಕ್ಕೆ. ನೋಡಿದವರಿಗೆ ಕಳ್ಳನನ್ನು ಠಾಣೆಗೆ ಒಯ್ಯುತ್ತಿದ್ದಾರೋ ಗೆದ್ದವನ ಮೆರವಣಿಗೆಯೋ ತಿಳಿಯದಂತಿತ್ತು.

ಕ್ಷೌರಿಕನ ಮತ, ನೂರರಿಂದ ಹಿಂದಕ್ಕೆ ಎಣಿಸುತ್ತ ಹೋದರೆ ನೋವು ದಾರಿ ತಪ್ಪುತ್ತದೆ ಎಂದು. ಎಣಿಕೆಯಲ್ಲಿ ಏನಿದೆ, ದೇವರ ಹೆಸರು ಹೇಳಿದರೆ ಸಾಕೆಂದು ಇಸ್ತ್ರಿಯಮ್ಮ. ಇಬ್ಬರನ್ನೂ ನೋಯಿಸಲಾರದ ದರ್ಜಿ "ತೊಂಬತ್ತೊಂಬತ್ತು ದೇವರೇ, ತೊಂಬತ್ತೆಂಟು ದೇವರೇ" ಎಂದು ಗೊಣಗುತ್ತ ನಡೆದ. ಆರೋಗ್ಯ ಕೇಂದ್ರದ ಗೇಟು ಬರುವಾಗ ಎಪ್ಪತ್ತಮೂರು ದೇವರಿಗೆ ಇಳಿದಿದ್ದ.

"ಟೈಲರಣ್ಣ, ನಿನ್ನ ಕೈಯಲ್ಲಿ ಸೂಜಿ ನಡುಗಿದ್ದು ಯಾವತ್ತೂ ನೋಡಿಲ್ಲ ನಾನು. ಇವತ್ತು ಸೂಜಿ ಇಲ್ಲದೇನೇ ನೀನು ನಡುಗ್ತಿದೀಯಲ್ಲ," ಎಂದ ಕ್ಷೌರಿಕ.

ಒಳಗೆ ಅವನೆಣಿಸಿದಂತೆಯೇ ಬೆಂಚಿನ ತುಂಬ ಹೆಂಗಸರು, ಕೂಸುಗಳು. ನರ್ಸ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ತೋಳು ಏರಿಸಲು ನೋಡಿದಳು. ಏರಲಿಲ್ಲ. ಕೆಳಗಿಂದ ತಳ್ಳಿದಳು, ಮೇಲಿಂದ ಎಳೆದಳು. ಬಲದೋಳು ಕೊಡಿ ಎಂದಾಗ ಅದು ದುಡಿಯುವ ಕೈ, ನೋವಾದರೆ ಕತ್ತರಿ ಹಿಡಿಯುವುದು ಹೇಗೆಂದು ಕೇಳಿದ. ಅಂಗಿಯ ಮಾತೆತ್ತಿದಾಗ ಬೆಂಚಿನ ಕಡೆ ಕಣ್ಣು ಹಾಯಿಸಿ ತಲೆ ತಗ್ಗಿಸಿದ. ಇನ್ನೇನು ಮುಂದಿನ ವಾರ ಎನ್ನುತ್ತಾಳೆಂದು ಅವನ ಎದೆ ಹಗುರವಾಗತೊಡಗಿತು.

ನರ್ಸ್ ಬ್ಯಾಂಡೇಜ್ ಕತ್ತರಿಸುವ ಕತ್ತರಿ ಕೈಗೆತ್ತಿಕೊಂಡಳು. ತೋಳಿನ ನಡುವೆ ಬಟ್ಟೆ ಹಿಡಿದು ಅಡ್ಡಡ್ಡವಾಗಿ ಕತ್ತರಿಯ ಬಾಯಿ ಇಟ್ಟಳು.

ದರ್ಜಿಗೆ ಭಯ ಮರೆತೇಹೋಯಿತು. ಎಳೆಯ ದಿಕ್ಕು ನೋಡದೆ, ಹೊಲಿಗೆ ಎಲ್ಲಿದೆಯೆಂದು ವಿಚಾರಿಸದೆ, ತನ್ನ ಕಣ್ಣೆದುರೇ, ತನ್ನ ಮೈಮೇಲೇ ಇಂಥ ಕತ್ತರಿ!

"ನಿಲ್ಲಿ ತಾಯಿ, ನಿಲ್ಲಿ. ಹಾಗೆ ಕತ್ತರಿಸಿದ್ರೆ ಬಟ್ಟೆ ಸತ್ತೇ ಹೋಗುತ್ತೆ. ಹೊಲಿಗೆ ಬಿಚ್ಚಬೇಕು. ಕೊಡಿ ಇಲ್ಲಿ."

ಕತ್ತರಿಯ ತುದಿಯಿಂದ ಮಣಿಕಟ್ಟಿನ ಬಳಿ ಮೊದಲ ಎಳೆ ಎತ್ತಿದ. ಒಂದೊಂದೇ ಕೊಂಡಿ ಬಿಡಿಸುತ್ತ, ನೂಲನ್ನು ಬಾಯಿಂದ ಊದುತ್ತ ಮೊಣಕೈಗೆ ಬಂದ. ಈ ಮೂರನೇ ಸಾಲು ನೋಡಿ, ಎಷ್ಟು ಹತ್ತಿರ ಹತ್ತಿರ ಬಿದ್ದಿದೆ, ಈಗಿನ ಹುಡುಗರಿಗೆ ಇದು ಬರುವುದಿಲ್ಲ ಎಂದು ನರ್ಸಿಗೆ ವಿವರಿಸಿದ. ಅವಳು ಹೂಂಗುಟ್ಟಿದಳು. ಭುಜ ತಲುಪಿದಾಗ ಒಂದು ಗಂಟು ಸಿಕ್ಕಿಕೊಂಡಿತು. ಅದಕ್ಕೆ ಮೂಗು ತಾಗುವಷ್ಟು ಬಗ್ಗಿ, ಉಸಿರು ಹಿಡಿದು ಬಿಡಿಸಿದ. "ಬಂತು ನೋಡಿ. ಈಗ ಹಾಕಿ ತಾಯಿ, ಏನು ಹಾಕ್ತೀರೋ," ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿದ.

"ಏಳಿ ಯಜಮಾನ್ರೇ," ಎಂದಳು ನರ್ಸ್. "ನೀವು ಗಂಟು ಬಿಡಿಸ್ತಿದ್ದಾಗಲೇ ಆಯ್ತು."

ಅವನು ತೋಳು ನೋಡಿಕೊಂಡ. ಅಂಗಿಯ ಗುಂಡಿಯಷ್ಟು ಹತ್ತಿ ಅಲ್ಲಿ ಅಂಟಿಕೊಂಡಿತ್ತು. ಕೆಲಸದಲ್ಲಿ ಮುಳುಗಿದವನ ಭಯವನ್ನು ದೇವರು ಎಲ್ಲಿ ಎತ್ತಿಡುತ್ತಾನೋ ಎಂದುಕೊಂಡು ಚೀಟಿ ಹಿಡಿದು ಹೊರಬಂದ. ಬಿಚ್ಚಿದ ತೋಳು ಬಾವುಟದಂತೆ ಜೋತಾಡುತ್ತಿತ್ತು. ಹೊರಗೆ ಕ್ಷೌರಿಕ ಇದು ತನ್ನ ಎಣಿಕೆಯ ಮಹಿಮೆಯೆಂದ, ಇಸ್ತ್ರಿಯಮ್ಮ ಅಲ್ಲವೆಂದಳು. ದರ್ಜಿ ಇಬ್ಬರನ್ನೂ ಸುಮ್ಮನಿರಿಸಿ, ಸುತ್ತಲಿನವರಿಗೆಲ್ಲ ಕೇಳುವಂತೆ, ಅದೇನು ಮಹಾ ಸೂಜಿ, ತಾನು ರೆಪ್ಪೆ ಕೂಡ ಮಿಟುಕಿಸಲಿಲ್ಲ, ಬೇಕಿದ್ದರೆ ಇನ್ನೂ ಹತ್ತು ಚುಚ್ಚಲಿ, ಕಣ್ಣುಬಿಟ್ಟು ನೋಡುತ್ತ ಕೂರುತ್ತೇನೆ ಎಂದ.

"ನಿಜವಾಗ್ಲೂ ಅಪ್ಪಾ?"

ಮಗಳು ಗೇಟಿನ ಬಳಿ ನಿಂತಿದ್ದಳು. ಅವಳ ತೋಳಿನಲ್ಲಿ ಕೂಸು. ಅವಳ ಹಿಂದೆ, ನಿದ್ದೆಗೆಟ್ಟು ಲಾರಿ ಓಡಿಸಿ ಮೂರು ಊರು ದಾಟುವ ಅಳಿಯ, ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಮುಖ ಸುಣ್ಣದಂತಾಗಿತ್ತು.

"ಕಿಟಕಿಯಿಂದ ಆ ಸೂಜಿ ತಟ್ಟೆ ನೋಡಿದ್ದಷ್ಟೇ ಅಪ್ಪಾ, ಇವರು ಕೂತುಬಿಟ್ರು. ಕೂಸನ್ನ ಹಿಡ್ಕೊಂಡು ಕೂರೋಕೆ ನನ್ನ ಕೈಲೂ ಆಗಲ್ಲ. ನಮ್ಮನೇಲಿ ಒಬ್ಬರಿಗಾದ್ರೂ ಧೈರ್ಯ ಕೊಡಪ್ಪಾ ಅಂತ ದಾರಿಯುದ್ದಕ್ಕೂ ದೇವರನ್ನ ಬೇಡ್ಕೊಂಡು ಬಂದೆ. ನೀನೇ ಹಿಡ್ಕೋ."

ಹಾಗೆಂದವಳು ಕೂಸನ್ನು ಅವನ ಕೈಯಲ್ಲಿಟ್ಟಳು. ಆರು ವಾರ ಕಾದ ಆ ಭಾರ ಇಷ್ಟು ಹಗುರವೆಂದು ಅವನಿಗೆ ಗೊತ್ತಿರಲಿಲ್ಲ. ನೆತ್ತಿಯ ವಾಸನೆ ತೆಗೆದುಕೊಳ್ಳಲೆಂದು ಬಗ್ಗಿದ್ದ, ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಅದೇ ಸ್ಟೂಲು. ಈಗ ಬಿಚ್ಚಲು ಹೊಲಿಗೆಯಿಲ್ಲ, ಕೈಗಳೆರಡೂ ಖಾಲಿಯಿಲ್ಲ. ಕಣ್ಣು ಮುಚ್ಚಿದರೆ ಕೂಸು ಜಾರೀತು. ನರ್ಸ್ ಸೂಜಿ ಎತ್ತಿದಳು. ದರ್ಜಿ ಬೇರೆಲ್ಲೂ ನೋಡಲಾರದೆ ಕೂಸಿನ ಮುಖ ನೋಡಿದ. ಅದೂ ಅವನನ್ನೇ ನೋಡುತ್ತಿತ್ತು, ನೀನಿದ್ದೀಯಲ್ಲ ಎನ್ನುವಂತೆ. ಆಮೇಲೆ ಬಾಯಿ ಅಗಲವಾಯಿತು. ಅದು ಅತ್ತದ್ದು ಅರೆಗಳಿಗೆ. ಅದು ಸುಮ್ಮನಾದ ಮೇಲೂ ಅವನು, ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿಲ್ಲದೆ, ಅಳುತ್ತಿದ್ದ.

ಮಗಳು ನರ್ಸಿಗೆ ಹೇಳುತ್ತಿದ್ದಳು, ಇನ್ನು ಮುಂದೆ ಎಲ್ಲದಕ್ಕೂ ತಾತನೇ ಕರೆತರುತ್ತಾನೆಂದು. ನರ್ಸ್ ಮೆಚ್ಚಿ ಕೂಸಿನ ಚುಚ್ಚುಮದ್ದಿನ ಕಾರ್ಡಿನ ಮೇಲೆ ಅದನ್ನೇ ಬರೆದು ಅವನ ಜೇಬಿಗಿಟ್ಟಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಮಲಗಿದ ಕೂಸನ್ನು ಎದೆಗೊರಗಿಸಿಕೊಂಡು ದರ್ಜಿ ಕಾರ್ಡು ಬಿಡಿಸಿ ನೋಡಿದ. ಮುಂದಿನ ತಿಂಗಳು ಒಂದು, ಅದರ ಮುಂದಿನ ತಿಂಗಳು ಒಂದು, ಒಂಬತ್ತನೇ ತಿಂಗಳು, ಐದನೇ ವರ್ಷ, ಹತ್ತನೇ ವರ್ಷ. ಸಾಲುಗಳು ಅಂಗಿಯ ಗುಂಡಿಗಳಂತೆ ಇಳಿಯುತ್ತಲೇ ಹೋಗಿದ್ದವು. ಕಡೆಯದು ಹದಿನಾರನೇ ವರ್ಷಕ್ಕಿತ್ತು.

ತನಗೀಗ ಅರವತ್ತಮೂರು. ಬೆರಳಲ್ಲಿ ಎಣಿಸಿದ, ಎಪ್ಪತ್ತೊಂಬತ್ತು ಬಂತು; ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದ.

"ದೇವರೇ," ಎಂದ ಮೆಲ್ಲಗೆ, ಕೂಸಿಗೆ ಎಚ್ಚರವಾಗದ ಹಾಗೆ, "ಅಲ್ಲೀ ತನಕ ನನ್ನನ್ನ ಇಟ್ಕೊಳ್ಳಲೇಬೇಕಾಯ್ತಲ್ಲಪ್ಪಾ ನೀನು."