ರೈಟ್ ಹೇಳದೆ ಏಳದ ವಿಮಾನ

ನಿಧಾನವಾಗಿ ಓಡಿಸುವವನನ್ನು ಯಾರೂ ಹೊಗಳುವುದಿಲ್ಲ. ಶೃಂಗೇರಿ–ಕೊಪ್ಪ ರಸ್ತೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಖಾಸಗಿ ಬಸ್ಸು ಓಡಿಸಿ, ಒಂದು ಕೋಳಿಯನ್ನೂ ಕೊಲ್ಲದೆ ನಿವೃತ್ತನಾದವನು ನಾನು. ಅದಕ್ಕೆ ಸಿಕ್ಕ ಬಿರುದು ‘ಎತ್ತಿನಗಾಡಿ’. ಮೊಣಕಾಲಿನ ಆಪರೇಷನ್ ಆದಮೇಲೆ ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದರು. ಕೊಪ್ಪದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮಗಳು ಸವಿತಾ, ನಾನು ಕಿಟಕಿಯಲ್ಲಿ ಕೂತು ಯಾವ ಬಸ್ಸು ಎಷ್ಟು ನಿಮಿಷ ಲೇಟು ಎಂದು ಕೂಗಿ ಹೇಳುವುದನ್ನು ತಡೆಯಲಾರದೆ, ಅಂಗಡಿಯ ಹಳೆ ಕಂಪ್ಯೂಟರನ್ನು ಮನೆಗೆ ತಂದು ಅದರಲ್ಲಿ ಯುದ್ಧವಿಮಾನ ಹಾರಿಸುವ ಆಟ ಹಾಕಿಕೊಟ್ಟಳು. ಜೊತೆಗೆ ನಾಲ್ಕು ಪುಟದ ಸೂಚನೆಗಳನ್ನೂ ಪ್ರಿಂಟ್ ತೆಗೆದುಕೊಟ್ಟಳು. ನಾನು ಮೂರು ಸಲ ಓದಿದೆ.

ಮೊದಲ ದಿನ ರನ್‌ವೇಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಎಂಜಿನ್ ಚಾಲೂ ಇತ್ತು, ದಾರಿ ಖಾಲಿ ಇತ್ತು, ಕೈ ಮಾತ್ರ ಮುಂದೆ ಹೋಗಲಿಲ್ಲ. ಹಿಂದಿನಿಂದ ಯಾರೂ ‘ರೈಟ್’ ಎಂದಿರಲಿಲ್ಲ. ಕೊನೆಗೆ ರುದ್ರಪ್ಪನಿಗೆ ಫೋನ್ ಮಾಡಿದೆ. ರುದ್ರಪ್ಪ ನನ್ನ ಬಸ್ಸಿನ ಕಂಡಕ್ಟರ್ ಆಗಿದ್ದವನು. ಅವನು ಬಂದು ಹಿಂದೆ ಕುರ್ಚಿ ಹಾಕಿಕೊಂಡು, ನನ್ನ ಕುರ್ಚಿಯ ಬೆನ್ನಿಗೆ ಎರಡು ಸಲ ತಟ್ಟಿ, “ರೈಟ್, ರೈಟ್!” ಎಂದ. ವಿಮಾನ ಎದ್ದಿತು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ದಿನವೂ ಬರುತ್ತಾನೆ. ಈ ವಯಸ್ಸಿನಲ್ಲಿ ನನಗಿರುವ ಪ್ಯಾಸೆಂಜರ್ ಅವನೊಬ್ಬನೇ.

ಆದರೆ ಕಂಡಕ್ಟರು ಬಂದಮೇಲೆ ಅವನ ಹಳೇ ದೂರೂ ಬಂತು. ಪ್ರಾಯದಲ್ಲಿ ಒಮ್ಮೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಅವನಿಗೆ ಚಿಕ್ಕಮಗಳೂರಿನಲ್ಲಿ ಸಂದರ್ಶನವಿತ್ತು. ಆ ಬೆಳಿಗ್ಗೆ ಕೊಪ್ಪದವರೆಗೆ ನನ್ನ ಬಸ್ಸಿನಲ್ಲೇ ಟಿಕೆಟ್ ಹರಿದು, ಅಲ್ಲಿಂದ ಎಂಟೂ ಇಪ್ಪತ್ತರ ಬಸ್ಸು ಹಿಡಿಯುವವನಿದ್ದ. ನಾವು ಕೊಪ್ಪದ ಸ್ಟ್ಯಾಂಡಿಗೆ ಹೋದಾಗ ಎಂಟೂ ಇಪ್ಪತ್ತನಾಲ್ಕು. ಮುಂದಿನ ಬಸ್ಸಿನಲ್ಲಿ ಅವನು ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಅವನ ಹೆಸರು ಕೂಗಿ ಮುಗಿದಿತ್ತು. ಆಮೇಲೆ ಜೀವನಪೂರ್ತಿ ನನ್ನ ಹಿಂದೆಯೇ ನಿಂತ.

ಅವನ ಕಣ್ಣು ಬಿದ್ದದ್ದು ಆಫ್ಟರ್‌ಬರ್ನರ್ ಮೇಲೆ. ಯುದ್ಧವಿಮಾನದ ಎಂಜಿನ್ನಿನಿಂದ ಹೊರಬೀಳುವ ಬಿಸಿ ಗಾಳಿಗೆ ಬಾಲದ ಹತ್ತಿರ ಇನ್ನೊಮ್ಮೆ ಇಂಧನ ಸುರಿದು ಹೊತ್ತಿಸುವ ವ್ಯವಸ್ಥೆ ಅದು. ವಿಮಾನ ಹಿಂದಿನಿಂದ ಒದೆ ತಿಂದ ಹಾಗೆ ನುಗ್ಗುತ್ತದೆ, ಟ್ಯಾಂಕು ನೋಡನೋಡುತ್ತ ಬತ್ತುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಇಷ್ಟೆಲ್ಲಕ್ಕೂ ಒಂದೇ ಕೀ. ನಾನು ಅದರ ಮೇಲೆ ಪ್ಲಾಸ್ಟರ್ ಅಂಟಿಸಿಟ್ಟಿದ್ದೆ.

“ತೆಗಿ ಮಾರಾಯ ಅದನ್ನ. ಎಂತಕ್ಕೆ ಹೆದರ್ತೀಯ? ಎದುರಿಗೆ ಲಾರಿ ಬತ್ತದಾ?”

“ಅಗತ್ಯ ಬಿದ್ದಾಗ ಒತ್ತುವಾ.”

“ಅಗತ್ಯ ಬಿದ್ದ ದಿನ ನೀನು ಒತ್ತಿದ್ದು ನಾ ನೋಡಿದೀನಿ!”

ಹೀಗೇ ವಾರ ಕಳೆಯಿತು. ಹೋದ ಗುರುವಾರ ಮಾತ್ರ ಅವನು ದನಿ ಎತ್ತಲಿಲ್ಲ. “ಇವತ್ತೂ ಒತ್ತದಿದ್ರೆ ನಾಳೆಯಿಂದ ನಾ ಬರಲ್ಲ,” ಎಂದ, ಅಷ್ಟೆ. ಕೋಪದಲ್ಲಿ ಹೇಳಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಮಂಗಳೂರಿನಿಂದ ಎದ್ದು ಘಟ್ಟ ದಾಟಿದೆವು. ಶೃಂಗೇರಿಯ ಮೇಲೆ ಬಂದಾಗ ನಾನು ಪ್ಲಾಸ್ಟರ್ ಕಿತ್ತೆ. ಬೆನ್ನ ಹಿಂದೆ, “ಕೊಪ್ಪ, ಕೊಪ್ಪ, ಕೊಪ್ಪ! ರೈಟ್!” ಒತ್ತಿದೆ. ಸ್ಪೀಕರು ಒದರಿತು. ನಾನು ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ ದಾರಿ ನಲವತ್ತೈದು ಸೆಕೆಂಡಿನಲ್ಲಿ ಮುಗಿಯಿತು.

“ಹೋಲ್ಡಾನ್! ಕೊಪ್ಪ ಹಿಂದೆ ಬಿತ್ತು, ನಿಲ್ಸು ಮಾರಾಯ!”

“ನಿಲ್ಲೋದಿಲ್ಲ ಮಾರಾಯ ಇದು!”

ನರಸಿಂಹರಾಜಪುರವೂ ಹಿಂದೆ ಬಿತ್ತು. ಕೆಳಗೆ ಭದ್ರೆಯ ಹಿನ್ನೀರು ಹೊಳೆಯುತ್ತಿತ್ತು. ನಾನು ತಿರುಗಿಸುತ್ತ ತಿರುಗಿಸುತ್ತ ಇದ್ದಾಗಲೇ ಟ್ಯಾಂಕು ಖಾಲಿಯಾಗಿ ಎಂಜಿನ್ ಸುಮ್ಮನಾಯಿತು. ಇಬ್ಬರೂ ನೀರಿಗೆ ಇಳಿದೆವು. ಪರದೆ ಕಪ್ಪಾಯಿತು.

ಹಿಂದಿನಿಂದ ನಗು ಕೇಳಿತು. “ಹಂಗಾರೆ ಆವತ್ತು ನೀ ಒತ್ತಿದ್ರೂ ನನ್ನ ಸಂದರ್ಶನ ಹಿನ್ನೀರಲ್ಲೇ ಆಗ್ತಿತ್ತು ಅನ್ನು!” ಆ ವಿಷಯಕ್ಕೆ ಅವನು ನಕ್ಕದ್ದು ಇದೇ ಮೊದಲು. ಏಳುವಾಗ ನನ್ನ ಭುಜ ತಟ್ಟಿದ. “ಹೋಗ್ಲಿ ಬಿಡು ಮಾರಾಯ. ನಿಂದೇನೂ ತಪ್ಪಿಲ್ಲ. ನಾಳೆ ಬತ್ತೀನಿ.”

ಸಂದರ್ಶನದ ಆ ದಿನ ಬಸ್ಸಿನ ಬ್ರೇಕು ಚೆನ್ನಾಗಿಯೇ ಇತ್ತು. ಹರಿಹರಪುರ ದಾಟಿದ ಮೇಲೆ ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ದರೆ ಆ ನಾಲ್ಕು ನಿಮಿಷ ಸಿಗುತ್ತಿತ್ತು, ಕೊಪ್ಪದಲ್ಲಿ ಬಸ್ಸು ನಿಲ್ಲುತ್ತಲೂ ಇತ್ತು. ಒಳ್ಳೆಯ ಕಂಡಕ್ಟರ್ ಬಿಟ್ಟುಹೋದರೆ ನನ್ನ ಗತಿಯೇನು ಎಂದು ಆ ಬೆಳಿಗ್ಗೆ ನನಗೆ ಅನ್ನಿಸಿದ್ದೂ ನಿಜ. ಇದನ್ನೆಲ್ಲ ಅವನಿಗೆ ಹೇಳಬೇಕೆಂದು ಬಾಗಿಲವರೆಗೆ ಹೋದೆ. ಆದರೆ ಮೊಣಕಾಲು ನಿಧಾನ ನೋಡಿ, ಅಷ್ಟರಲ್ಲಿ ಅವನು ಗೇಟು ದಾಟಿದ್ದ.

ಒಳಗೆ ಬಂದರೆ, ಊಟಕ್ಕೆ ಮನೆಗೆ ಬಂದು ನಮ್ಮ ಕೂಗಾಟವನ್ನೆಲ್ಲ ಕೇಳಿಸಿಕೊಂಡಿದ್ದ ಸವಿತಾ ಕಂಪ್ಯೂಟರಿನ ಮುಂದೆ ನಿಂತಿದ್ದಳು. “ಅಪ್ಪ, ವೇಗ ತಗ್ಗಿಸೋಕೆ ಏರ್‌ಬ್ರೇಕ್ ಕೀ ಇತ್ತಲ್ಲ. ಕೊಪ್ಪದ ಮೇಲೆ ಒತ್ತಲಿಲ್ಲ ಯಾಕೆ?”

“ಮರೆತೆ,” ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಆ ನಾಲ್ಕು ಪುಟಗಳನ್ನು ತಂದು ನನ್ನ ಕೈಗೆ ಕೊಟ್ಟು, ಅಲ್ಲೇ ನಿಂತಳು. ಏರ್‌ಬ್ರೇಕ್ ಕೀ ಇರುವುದು ಮೂರನೇ ಪುಟದ ಆರನೇ ಸಾಲಿನಲ್ಲಿ ಎಂದು ನನಗೆ ಮೊದಲೇ ಗೊತ್ತಿತ್ತು. ಆದರೂ ಅವಳೆದುರು ಕನ್ನಡಕ ಹಾಕಿಕೊಂಡು, ಮೊದಲನೇ ಪುಟದಿಂದ ಶುರು ಮಾಡಿ, ಬೆರಳಿಟ್ಟುಕೊಂಡು ನಿಧಾನವಾಗಿ ಹುಡುಕಿದೆ.