ಗಾರ್ಡ್ ಸಾಹೇಬರ ಬಟ್ಟಿ ಚೀಲ

ಪುಣೆಯಾಗ ಎದೆರೋಗದ ಡಾಕ್ಟರ್ ಆಗಿ ನನಗ ಇಪ್ಪತ್ತೆರಡು ವರ್ಷ ಆತು. ಇಷ್ಟು ವರ್ಷದಾಗ ಒಂದು ಮಾತು ಪಕ್ಕಾ ಆಗೇದ: ಈ ಊರಾಗ ಡಾಕ್ಟರ್ ಅಲ್ಲದಾಂವ ನಾನೊಬ್ಬನೇ. ಉಳಿದವರೆಲ್ಲಾ ತಮ್ಮ ಔಷಧ ತಾವೇ ಬರಕೊಂಡು, ಅದು ನಾಟಲಿಲ್ಲ ಅಂದಮ್ಯಾಲೆ ನನ್ನ ಪರೀಕ್ಷಾ ಮಾಡಲಿಕ್ಕೆ ಬರತಾರ. ಇಂಥಾ ಪ್ರಸಂಗಕ್ಕ ಎಂದೂ ಬರಗಾಲ ಇಲ್ಲ. ಈ ಮಳಿಗಾಲದಾಗಂತೂ ಒಬ್ಬರೇ ಸಾಕಾಗಿ ಹೋದರು.

ಚೀಲದ ಆಸ್ತಿ

ಅವರು ಪುಣೆ ಹತ್ತಿರದ ದೌಂಡದ ರಿಟೈರ್ಡ್ ರೈಲ್ವೆ ಗಾರ್ಡ್. ಮೂಲ ನಮ್ಮ ಧಾರವಾಡ ಕಡೆಯವರೇ. ಜ್ವರ, ಕೆಮ್ಮು, ಏದುಸಿರು ಎಲ್ಲಾ ಕೂಡಿ ಬಂದಿದ್ದವು. ಅವರ ಜೋಡಿ ಹೆಂಡತಿ ಬಂದಿದ್ದರು, ಹೆಂಡತಿ ಕೈಯಾಗ ಒಂದು ಬಟ್ಟಿ ಚೀಲ.

"ಇಲ್ಲೀತನಕ ಏನೇನು ಔಷಧ ತಗೊಂಡೀರಿ?" ಅಂತ ಕೇಳಿದೆ.

ಹೆಂಡತಿ ಚೀಲ ನನ್ನ ಟೇಬಲ್ ಮ್ಯಾಲೆ ಬೋರಲು ಹಾಕಿದರು. ಮೂರು ವರ್ಷದ ಆಂಟಿಬಯೋಟಿಕ್ ಸ್ಟ್ರಿಪ್ಪು, ಎಲ್ಲಾ ಅರ್ಧಂಬರ್ಧ.

"ಎರಡೆರಡು ದಿನ ತಗೊಂಡೇನ್ರಿ. ಜ್ವರ ಇಳೀತು, ಬಿಟ್ಟೆ. ಮತ್ತ ಬಂದ್ರ ಬೇಕಾಗ್ತಾವಲ್ಲ, ಒಂದೂ ಹಾಳು ಮಾಡಿಲ್ಲ," ಅಂದರು ಗಾರ್ಡ್ ಸಾಹೇಬರು.

"ಭಾಳ ಛಲೋ ಮಾಡೀರಿ. ಕ್ರಿಮಿಗಳಿಗೆ ಎರಡೆರಡು ದಿನ ತಾಲೀಮು ಕೊಟ್ಟು ಪೈಲ್ವಾನ ಮಾಡೀರಿ."

ಹೆಂಡತಿ ಹೆಮ್ಮಿಯಿಂದ ಗಂಡನ ಮಾರಿ ನೋಡಿದರು.

ಹೆಂಡತಿಯ ತಮ್ಮನ ಉಪಕಾರ

ಎಕ್ಸ್‌ರೇದಾಗ ಎರಡೂ ಪುಪ್ಪುಸ ಬೆಳ್ಳಗ. ಅಡ್ಮಿಟ್ ಮಾಡಿ, ಕಫ ಪರೀಕ್ಷಾಕ್ಕ ಕಳಿಸಿದೆ. ಎರಡು ದಿನ ಕಾದಮ್ಯಾಲೆ ರಿಪೋರ್ಟ್ ಬಂತು: ರೋಗದ ಕ್ರಿಮಿ ಒಂದೂ ಇಲ್ಲ! ಇಲ್ಲಿ ನೋಡಿದರ ಸಾಹೇಬರು ಆಕ್ಸಿಜನ್ ಇಲ್ಲದೇ ಮಾತಾಡವಲ್ಲರು. ತಲಿ ಕೆಟ್ಟು, ಬಾಜೂಕ ಕೂತಿದ್ದ ಅವರ ಹೆಂಡತಿಯ ತಮ್ಮನ್ನ ಕೇಳಿದೆ.

"ಮಾವಾರಿಗೆ ಕಫಾನೇ ಬರಲಿಲ್ಲರಿ," ಅಂದ. "ನರ್ಸ್‌ಬಾಯಿ ಗಡಿಬಿಡಿ ಮಾಡಿದರು. ಪಾಪ, ಅವರಿಗ್ಯಾಕ ತ್ರಾಸು ಅಂತ ಬಾಟ್ಲಿಯಾಗ ನಾನೇ ಉಗುಳಿ ಕೊಟ್ಟೆ."

ನನಗ ಸಿಟ್ಟು ನೆತ್ತಿಗೇರಿತು. ಆ ಮನಶ್ಯಾನ ಜೀವದಾಗಿನ ಎರಡು ದಿನ ಹೋಗಿದ್ದವು.

"ಅಭಿನಂದನೆಗಳು. ನಿಮಗೇನೂ ರೋಗ ಇಲ್ಲ," ಅಂದೆ.

"ಹೌದೇನ್ರಿ? ದೇವರು ದೊಡ್ಡಾಂವ!" ಅಂತ ಅಕ್ಕಗ ಹೇಳಲಿಕ್ಕೆ ಓಡಿದ.

ಜಲಪಾತದ ಮುಂದಿನ ಸಹಿ

ಎರಡನೇ ಸಲ ನಾನೇ ಮುಂದ ನಿಂತು ಕಫ ತೆಗಿಸಿದೆ. ಈ ಸಲ ರಿಪೋರ್ಟಿನಾಗ ಕ್ರಿಮಿ ಸಿಕ್ಕಿತ್ತು; ಅದರ ಮುಂದ ಹನ್ನೆರಡು ಹಳೇ ಔಷಧದ ಹೆಸರು, ಎಲ್ಲಾ ಫೇಲ್. ಸಾಹೇಬರು ಮಾಸ್ಕಿನ ಒಳಗಿಂದನೇ ಬೆರಳಿಟ್ಟು ಓದಿದರು. "ಇದು ತಗೊಂಡೇನಿ. ಇದೂ ತಗೊಂಡೇನಿ. ಇದಂತೂ ಎರಡು ಸಲ."

ಉಳಿದದ್ದು ಒಂದೇ, ಹೊಸದಾಗಿ ಬಂದ ಔಷಧ. ಕಂಡಕಂಡವರಿಗೆ ಕೊಟ್ಟು ಅದನ್ನೂ ಕೆಡಿಸಬಾರದು ಅಂತ ನಮ್ಮ ದವಾಖಾನಿಯಾಗ ಕೀಲಿ ಹಾಕಿ ಇಟ್ಟಾರ. ತೆಗೀಲಿಕ್ಕೆ ಮೂರು ಮಂದಿ ಡಾಕ್ಟರ ಸಹಿ ಬೇಕು. ಎರಡಾದವು. ಮೂರನೆಯವರು ಮಳಿ ನೋಡಲಿಕ್ಕೆ ಲೋಣಾವಳಾಕ್ಕ ಹೋಗಿದ್ದರು.

"ನಾಳೆ ನೋಡೋಣಲ್ಲ," ಅಂದರು ಫೋನಿನಾಗ.

"ನಾಳೆ ನೋಡಲಿಕ್ಕೆ ಪೇಶಂಟ್ ಇರಬೇಕಲ್ಲರಿ ಸರ್!"

ಹತ್ತು ಮಿನಿಟಿನಾಗ ಸಹಿ ಮಾಡಿದ ಕಾಗದದ ಫೋಟೋ ಬಂತು. ಹಿಂದ ಜಲಪಾತ, ಮುಂದ ಅರ್ಧ ತಿಂದ ಮೆಕ್ಕೆತೆನಿ.

ಸಲೈನಿನಾಗ ಔಷಧ ಇಳಿಯೂದೇ ತಡ, ಹೆಂಡತಿಯ ತಮ್ಮ ನನ್ನ ಕಿವಿಯಾಗ ಹೇಳಿದ: "ಹೊಸಾದಂತಲ್ಲರಿ? ನನಗೂ ಒಂದು ಬರೀರಿ, ನಿನ್ನೆಯಿಂದ ಮೂಗು ಸೋರಲಿಕ್ಕೆ ಹತ್ತೇದ."

ಕೊನೇ ಡಬ್ಬಿ

ನಾಲ್ಕು ದಿನಕ್ಕ ಜ್ವರ ಬಿಡ್ತು, ವಾರಕ್ಕ ಆಕ್ಸಿಜನ್ ತೆಗದ್ವಿ. ಅದೇ ಔಷಧದ ಗುಳಿಗಿ ಐದು ದಿನಕ್ಕ ಬರದುಕೊಟ್ಟೆ.

"ಜ್ವರ ಇಳೀತಲ್ಲರಿ, ಇನ್ಯಾಕ?" ಅಂದರು ಸಾಹೇಬರು. ಇದನ್ನೂ ಅರ್ಧಕ್ಕ ಬಿಟ್ಟರ ಮುಂದ ಕೊಡಲಿಕ್ಕೆ ನನ್ನ ಕೈಯಾಗ ಏನೂ ಇರಲಿಲ್ಲ.

"ಸಾಹೇಬ್ರ, ಎಂಜಿನ್ ದಾಟಿದ ಕೂಡಲೇ ಗೇಟ್ ತೆಗಿತಾರೇನ್ರಿ?"

ಅವರಿಗೆ ಅವಮಾನ ಆತು. "ಜನ್ಮ ಎಲ್ಲಾ ಗಾಡಿ ಕೊನೇ ಡಬ್ಬ್ಯಾಗ ಕೂತಾಂವ ನಾ! ನನಗ ಕೇಳ್ತೀರೇನು?"

"ಹಂಗಾದ್ರ ಕೊನೇ ಗುಳಿಗಿ ತನಕ ಗೇಟ್ ಬಂದ್."

ಎರಡು ವಾರ ಬಿಟ್ಟು, ಅದೇ ಬಟ್ಟಿ ಚೀಲ ಹಿಡಿದ ಹೆಂಡತಿ ಜೋಡಿ ನೆಟ್ಟಗ ನಡಕೊಂಡು ಬಂದು, ಖಾಲಿ ಸ್ಟ್ರಿಪ್ಪು ಟೇಬಲ್ ಮ್ಯಾಲೆ ಇಟ್ಟರು. ಒಂದೂ ಉಳಿದಿರಲಿಲ್ಲ. ಎದಿ ಸ್ವಚ್ಛ. ನನ್ನ ಕಣ್ಣಾಗ ನೀರೇ ಬಂತು. ಕೆಮ್ಮೂ ಬಂತು. ಕೆಮ್ಮಿಕೋತ, ಚೀಟಿ ತೆಗೀಲಿಕ್ಕೆ ಡ್ರಾವರ್ ಎಳದೆ.

ಸಾಹೇಬರು ಬಗ್ಗಿ ನೋಡಿದರು. ಒಳಗಿಂದ ಆಂಟಿಬಯೋಟಿಕ್‌ದ ಒಂದು ಅರ್ಧ ಸ್ಟ್ರಿಪ್ಪು ತೆಗದು ಹಿಡಿದರು.

"ಇದು ಯಾರದ್ರಿ?"

"ನಂದೇ... ಹೋದ ವಾರ ಜ್ವರ ಇತ್ತು. ಇಳೀತು, ಅದಕ್ಕ..."

ಅವರು ಆ ಸ್ಟ್ರಿಪ್ಪು ನನ್ನ ಮುಂದಿಟ್ಟರು. ಹೆಂಡತಿ ಕಡೆ ತಿರುಗಿದರು.

"ಏ, ಆ ಬಟ್ಟಿ ಚೀಲ ಇಲ್ಲೇ ಬಿಟ್ಟು ನಡಿ. ನಮಗಿಂತಾ ಇವರಿಗೆ ಬೇಕಾಗೇದ."